ಮಗ್ಗ ನಿಲ್ಲಿಸುತ್ತಿದ್ದ ಚಾನೆಲ್ಲು

ಒಂದು ಹಳೇ ಕಂಪ್ಯೂಟರು, ಒಂದು ಕಾಲು ಮುರಿದ ಕುರ್ಚಿ ಇಟ್ಟುಕೊಂಡು ದೊಡ್ಡಬಳ್ಳಾಪುರದ ನಾಲ್ಕು ಬೀದಿಯ ಮಗ್ಗಗಳನ್ನು ಒಂದೇ ಏಟಿಗೆ ನಿಲ್ಲಿಸಿದವನು ನಾನು. ನಂಬಬೇಡಿ, ಅದೆಷ್ಟು ಹೊತ್ತು ನಂಬದೇ ಇರುತ್ತೀರೋ ನಾನೂ ನೋಡುತ್ತೇನೆ.

ನನ್ನದು ಕೇಬಲ್ಲಿನಲ್ಲಿ ಬರುತ್ತಿದ್ದ ತೆಲುಗು ಚಾನೆಲ್ಲು. ನೇಕಾರರ ನಾಲ್ಕು ಬೀದಿ ದಾಟಿದರೆ ಇಲ್ಲ. ಮನೆಯೊಳಗೆ ತೆಲುಗು ಮಾತಾಡುವ ನಮ್ಮ ಜನಕ್ಕೆ ದೊಡ್ಡ ಚಾನೆಲ್ಲುಗಳಲ್ಲಿ ಆಂಧ್ರದ ಸುದ್ದಿ ಸಿಗುತ್ತಿತ್ತು, ಪಕ್ಕದ ಬೀದಿಯ ಸುದ್ದಿ ನನ್ನಲ್ಲಿ ಮಾತ್ರ. ಓದುತ್ತಿದ್ದವನು ನನ್ನ ಗೆಳೆಯ, ಸೀರೆ ನೇಯುವವನು. ಮೇಲೆ ಇಸ್ತ್ರಿ ಅಂಗಿ, ಕ್ಯಾಮೆರಾಕ್ಕೆ ಕಾಣದ ಕಡೆ ಲುಂಗಿ.

ಪವರ್‌ಲೂಮ್ ಸದ್ದಿನಲ್ಲಿ ಪಕ್ಕದ ಮನೆಯ ಅಳುವೂ ಕೇಳಿಸುವುದಿಲ್ಲ. ಅದಕ್ಕೇ ಯಾರಾದರೂ ಸತ್ತರೆ ಟೀವಿಯ ಕೆಳಗೆ ಒಂದು ಸಾಲು ಓಡಿಸುತ್ತಿದ್ದೆ. ಹೆಂಗಸರು ನೋಡಿ ಶೆಡ್ಡಿಗೆ ಹೋಗಿ ಹೇಳುತ್ತಿದ್ದರು. ಮಗ್ಗ ನಿಲ್ಲಿಸಿದರೆ ಹೆಣ ಎತ್ತುವವರೆಗೆ ಯಾರೂ ಮತ್ತೆ ಸ್ವಿಚ್ ಮುಟ್ಟುತ್ತಿರಲಿಲ್ಲ.

ಒಂದು ದಿನ ಟೀ ಕುಡಿಯುತ್ತಾ ಗೆಳೆಯ ಕೇಳಿದ, "ನಾನ್ ಸತ್ರೆ ಎಷ್ಟ್ ಮಗ್ಗ ನಿಲ್ತವ್ಲಾ?"

"ಆ ಟೈಮಿಗೆ ಕರೆಂಟ್ ಹೋದ್ರೆ ಎಲ್ಲಾ ನಿಲ್ತವೆ."

ಅವನ ಮುಖ ಸಣ್ಣದಾಯಿತು. ಅವನು ಮನೆ ಮುಟ್ಟುವಷ್ಟರಲ್ಲಿ ನಾನು ಅವನ ಸಾವಿನ ಸಾಲು ಓಡಿಸಿಬಿಟ್ಟೆ. ನಾಲ್ಕೂ ಬೀದಿ ಗಪ್‌ಚಿಪ್. ಹಾರ ಹಿಡಿದು ಬಂದವರಿಗೆ ಅವನೇ ಬಾಗಿಲು ತೆಗೆದ. ಚಪ್ಪಲಿ ಹಿಡಿದು ನನ್ನನ್ನು ಅಟ್ಟಿಸಿಕೊಂಡು ಬಂದವನು ಏದುಸಿರಲ್ಲೇ, "ನೋಡ್ದೇನ್ಲಾ? ಎಲ್ಲಾ ನಿಂತ್ಬಿಟ್ವು ಕಣೋ!" ಅಂದ. ಅವನ ಮದುವೆಯಲ್ಲೂ ಅಷ್ಟು ಖುಷಿ ಕಂಡಿರಲಿಲ್ಲ.

ಹೋದ ವರ್ಷ ಎದೆನೋವೆಂದು ಮಲಗಿದವನು ಬೆಳಿಗ್ಗೆ ಏಳಲಿಲ್ಲ. ಅದೇ ಸಾಲನ್ನು ಮತ್ತೆ ಟೈಪ್ ಮಾಡಿದೆ. ಒಂದು ಮಗ್ಗವೂ ನಿಲ್ಲಲಿಲ್ಲ. ಮೊಬೈಲಿಗೆ ಬಂದ ಸುದ್ದಿಯನ್ನೂ ನನ್ನದೇ ಕಿತಾಪತಿ ಅಂದುಕೊಂಡರು. ಶೆಡ್ಡಿಂದ ಶೆಡ್ಡಿಗೆ ಓಡಿದೆ.

"ಇನ್ನೊಂದ್ಸಲ ಹಾರ ತರಕ್ಕಾಗಲ್ಲ ಗುರು, ಹೋಗ್ ಹೋಗು!"

ಅತ್ತೇ ಬಿಟ್ಟೆ. ಆಗ ಇನ್ನೂ ಜೋರಾಗಿ ನಕ್ಕರು. "ಏನ್ ಆಕ್ಟಿಂಗಪ್ಪಾ ನಿಂದು!"

ವಾಪಸ್ಸು ಬಂದರೆ ಗೆಳೆಯನ ಹೆಂಡತಿ ಹೆಣದ ಪಕ್ಕ ಕೂತು ಕಿವಿಗೊಟ್ಟು ಕೇಳುತ್ತಿದ್ದರು. "ಅಣ್ಣಾ, ಇನ್ನೂ ಸದ್ದು ಬರ್ತೈತಲ್ಲಾ? ಯಾರ್ಗೂ ಹೇಳ್ಲಿಲ್ವಾ?"

"ಹೇಳಿದ್ದೀನಮ್ಮಾ. ನಿಲ್ಲಿಸ್ತಾರೆ, ಇರು."

ಹೆಣ ಎತ್ತುವ ಹೊತ್ತಿಗೆ ನಾಲ್ಕೂ ಬೀದಿಯ ಮಗ್ಗ ನಿಂತವು. ಚಾನೆಲ್ಲನ್ನು ನಾನು ಆ ವಾರವೇ ಮುಚ್ಚಿದೆ.

ಇಷ್ಟರಲ್ಲಿ ಒಂದೇ ಒಂದು ಸುಳ್ಳು ಸೇರಿಸಿದ್ದೇನೆ. ನಾಲ್ಕೂ ಬೀದಿ ನಿಲ್ಲಲಿಲ್ಲ. ಅವನ ಬೀದಿಯವರು ಹೆಣ ಕಣ್ಣಾರೆ ಕಂಡು ನಿಲ್ಲಿಸಿದರು. ಮಿಕ್ಕ ಮೂರು ಬೀದಿಯಲ್ಲಿ ಆ ಸದ್ದಿನೊಳಗೇ ಅವನನ್ನು ಹೊತ್ತುಕೊಂಡು ಹೋದೆವು. ಸ್ಮಶಾನದಿಂದ ಬಂದವನೇ ಅವನ ಹೆಂಡತಿಗೂ ಎಲ್ಲಾ ನಿಂತಿದ್ದವು ಅಂತಲೇ ಹೇಳಿದ್ದೇನೆ.