ಮನಸ್ಸಿನ ಪ್ರೊಫೆಸರು
ಮನಸ್ಸಿನ ಸಂಶೋಧನೆ ಮಾಡುವ ಪ್ರೊಫೆಸರು ಮನೆಯಲ್ಲಿದ್ದರೆ ನೆಮ್ಮದಿಯಾಗಿ ಸಿಟ್ಟು ಮಾಡಿಕೊಳ್ಳುವುದಕ್ಕೂ ಆಗುವುದಿಲ್ಲ ಎಂಬುದು ಅವರ ಅಕ್ಕನ ದೂರು. ಹಾಲು ಉಕ್ಕಿಸಿದ್ದಕ್ಕೆ ಕೆಲಸದವಳನ್ನು ಬೈದರೆ, "ನೀನೇ ಉಕ್ಕಿಸಿದ್ರೆ ಒಲೆಯನ್ನ ಬೈತಿದ್ದೆ, ಮನುಷ್ಯರೆಲ್ಲ ಹಾಗೇ ಅಕ್ಕ" ಎನ್ನುತ್ತಾರೆ. ಪಕ್ಕದ ಸಾಲೇ ಬೇಗ ಸಾಗುತ್ತದೆ ಎಂದು ಎಲ್ಲರಿಗೂ ಯಾಕೆ ಅನ್ನಿಸುತ್ತದೆ ಎಂಬುದನ್ನು ಅಂಗಡಿಯಲ್ಲಿ ಗುರುತಿಲ್ಲದವರಿಗೆ ವಿವರಿಸುತ್ತಾ ತಮ್ಮ ಸರದಿಯನ್ನೇ ಕಳೆದುಕೊಳ್ಳುತ್ತಾರೆ. ಅಂಥವರ ಕೋಣೆಗೆ ಒಂದು ಮಧ್ಯಾಹ್ನ ಬಂದ ಅಕ್ಕ, ಬಂದದ್ದು ಯಾಕೆಂದು ಮರೆತು ಕಂಬದಂತೆ ನಿಂತುಬಿಟ್ಟರು. ಅವರಮ್ಮನಿಗೆ ಮರೆವಿನ ಕಾಯಿಲೆ ಶುರುವಾದದ್ದು ಹೀಗೆಯೇ. "ನಂಗೂ ಬಂತೇನೋ" ಎಂದರು ಅಕ್ಕ. ಪ್ರೊಫೆಸರು ಎದ್ದು, ಅವರ ಕೈಹಿಡಿದು ಅಡುಗೆಮನೆಗೆ ಕರೆದೊಯ್ದರು. "ಬಾಗಿಲು ದಾಟಿದ್ರೆ ಕಾಲೇಜು ಹುಡುಗರೂ ಹೀಗೇ ಮರೀತಾರೆ, ಪರೀಕ್ಷೆ ಮಾಡಿ ನೋಡಿದ್ದೀನಿ. ಹೊರಟ ಜಾಗಕ್ಕೆ ವಾಪಸ್ ಬಂದ್ರೆ ಎಷ್ಟೋ ಸಲ ನೆನಪಾಗುತ್ತೆ." ಒಲೆಯ ಮುಂದೆ ನಿಂತದ್ದೇ ಅಕ್ಕನಿಗೆ ನೆನಪಾಯಿತು, ಅವರು ಹೋದದ್ದು ತಮ್ಮನನ್ನು ಊಟಕ್ಕೆ ಕರೆಯಲು. "ನಂಗೂ ಹೀಗೇ ಆಗಿತ್ತು ಅಕ್ಕ. ಅಮ್ಮನ ಕಾಯಿಲೆಯೇನೋ ಅಂತ ಹೆದರಿಯೇ ಈ ಸಂಶೋಧನೆಗೆ ಕೈ ಹಾಕಿದ್ದು" ಎಂದರು ಪ್ರೊಫೆಸರು, ಮೆಲ್ಲಗೆ. ಅಕ್ಕ ತಟ್ಟೆ ಇಟ್ಟರು. "ಇಷ್ಟು ದಿನ ಒಬ್ಬನೇ ಹೆದರ್ಕೊಂಡು ಕೂತಿದ್ಯಾ? ನಂಗೆ ಹೇಳೋಕೆ ಏನಾಗಿತ್ತೋ ನಿಂಗೆ. ಕೂತ್ಕೋ, ಊಟ ಆರ್ತಿದೆ."