ತುಟಿಗಷ್ಟೇ ತಾಗಿಸಿದ ನೀರು

ಮೇಜಿನ ಮೇಲೆ ಸ್ಟೀಲಿನ ಲೋಟಗಳು ತುಂಬಿದ ಹಾಗೆಯೇ ಇದ್ದವು. ಒಂದೆರಡರ ಅಂಚಿನಲ್ಲಿ ಎಲೆಯಡಿಕೆಯ ಕೆಂಪು ಗುರುತಿತ್ತು. ತುಟಿ ತಾಗಿಸಿ ಇಟ್ಟಿದ್ದರು, ಕುಡಿದಿರಲಿಲ್ಲ.

ಗಜೇಂದ್ರಗಡದಲ್ಲಿ ಕೋಟೆಯ ಕಡೆ ಹೋಗುವ ರಸ್ತೆಯಲ್ಲಿ ಅವ್ವನ ತಂಗಿ, ನನ್ನ ಚಿಗವ್ವನ ಮನೆ. ಮುಂದಿನ ಪಡಸಾಲೆಯಲ್ಲೇ ಆಕೆಯ ಖಾನಾವಳಿ. ಧಾರವಾಡದಲ್ಲಿ ಎಂ.ಎ. ಮುಗಿಸಿದ ನಾನು ಆಗ ನರಗುಂದದ ಮನೆಯಲ್ಲಿದ್ದೆ. ಬಿಡುವಿದ್ದಾಗ ರೋಣದ ಮೇಲೆ ಹಾಯ್ದು ಬಂದು ಆಕೆಯ ಕೆಲಸಕ್ಕೆ ಕೈಜೋಡಿಸುತ್ತಿದ್ದೆ. ದೀಪಾವಳಿಯೊಳಗೆ ವ್ಯಾಪಾರ ಕುದುರದಿದ್ದರೆ ಖಾನಾವಳಿ ಮುಚ್ಚಿ ಪಡಸಾಲೆಯನ್ನು ಮೊಬೈಲ್ ಅಂಗಡಿಗೆ ಬಾಡಿಗೆಗೆ ಕೊಡುವುದು ಎಂದು ಚಿಗವ್ವ ತೀರ್ಮಾನಿಸಿದ್ದಳು. ಮನಸ್ಸಿದ್ದು ಮಾಡಿದ ತೀರ್ಮಾನವಲ್ಲ. ಬೆಳಿಗ್ಗೆ ಎದ್ದು ಹತ್ತಾರು ಮಂದಿಗೆಂದು ಹಿಟ್ಟು ನಾದುವುದು ಆಕೆಗೆ ಇಷ್ಟದ ಕೆಲಸ.

ಜಿಲ್ಲೆಯ ಗಡಿಯ ಊರು. ಕೊಪ್ಪಳದ ಕಡೆಯಿಂದಲೂ ಬಾಗಲಕೋಟೆಯ ಕಡೆಯಿಂದಲೂ ಕೋಟೆ ನೋಡಲು ಬರುವವರಿದ್ದಾರೆ. ಭಾನುವಾರ ಬೈಕಿನ ಹುಡುಗರು. ಕೋಟೆ ಹತ್ತಿ, ಫೋಟೊ ತೆಗೆದುಕೊಂಡು, ಹಸಿದು ಇಳಿಯುತ್ತಿದ್ದರು. ರೊಟ್ಟಿಯ ಬುಟ್ಟಿ ಖಾಲಿ ಮಾಡಿ ತಂಬಿಗೆಗಟ್ಟಲೆ ನೀರು ಕುಡಿದು ಹೋಗುತ್ತಿದ್ದರು. ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಉಳಿದ ವಾರವೆಲ್ಲ ಅವರದೇ ಗುಂಪುಗಳು, ಹೆಚ್ಚಿನವರು ನಡುವಯಸ್ಸು ದಾಟಿದವರು. ಸೂಡಿಯ ಹೊಂಡ, ಗುಡಿ ನೋಡಿ ಬಂದು ನಮ್ಮಲ್ಲಿ ನೆರಳಿಗೆ ಕೂತು ಬುತ್ತಿ ಬಿಚ್ಚುತ್ತಿದ್ದರು. ಚಹಾ ಬೇಡ, ಮಜ್ಜಿಗೆ ಬೇಡ. ಕೋಟೆಯನ್ನು ಕೆಳಗಿನಿಂದಲೇ ನೋಡಿ ಸಿಕ್ಕ ಮೊದಲ ಬಸ್ಸಿಗೆ ಓಡುತ್ತಿದ್ದರು.

ನಮ್ಮ ಬೋರಿನ ನೀರು ಸವುಳು, ಅದಕ್ಕೇ ಮುಟ್ಟುವುದಿಲ್ಲ ಎಂದು ಚಿಗವ್ವ ಫಿಲ್ಟರ್ ನೀರಿನ ಕ್ಯಾನು ತರಿಸಿದಳು. ಲೋಟಗಳು ಆಮೇಲೂ ತುಂಬಿಯೇ ಉಳಿದವು. ಆ ದಿನ ಕುಷ್ಟಗಿಯ ಕಡೆಯಿಂದ ಬಂದಿದ್ದ ಗುಂಪಿನ ಲೋಟಗಳನ್ನು ನೋಡಿ ಆಕೆಗೆ ತಡೆಯಲಾಗಲಿಲ್ಲ.

"ಫಿಲ್ಟರ್ ನೀರ್ರೀ ಇವು. ನನ್ನ ಕೈಯಾಗಿಂದು ಏನೂ ಸೇರೂದಿಲ್ಲೇನು ನಿಮಗ?"

ಗುಂಪಿನ ಹಿರಿಯಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ನೀರ ಭಾಳ ಚಲೋ ಅದಾವ ತಂಗಿ. ಕುಡದ್ರ ಕುಷ್ಟಗಿ ತನಕ ತಡಕೊಂಡು ಕುಂದ್ರಾವ್ರು ಯಾರು? ನೀನೋ, ಕಂಡಕ್ಟರನೋ?"

"ಹ್ವಾದ ಸಲ ಈಕಿ ಅರ್ಧಾ ಕಪ್ ಚಾ ಕುಡದು ಹೊಲದ ಕಡೆ ಬಸ್ ನಿಲ್ಲಿಸಿದ್ಲ್ರಿ," ಎಂದಳು ಪಕ್ಕದಾಕೆ.

"ನಿಲ್ಲಿಸಿದಾಕಿ ನಾನು. ಮೊದಲ ಇಳದು ಓಡಿದಾಕಿ ಯಾರಲೇ?"

ಎಲ್ಲರೂ ನಕ್ಕರು. ನಾನು ಪ್ಲೇಟು ಒರೆಸುತ್ತಲೇ ಇದ್ದೆ. ಪ್ರಯಾಣದ ದಿನ ನಾನೂ ಬೆಳಿಗ್ಗೆಯಿಂದ ನೀರು ಮುಟ್ಟುತ್ತಿರಲಿಲ್ಲ. ಅದು ನನ್ನೊಬ್ಬಳ ಅಭ್ಯಾಸ, ಯಾರಿಗೂ ಹೇಳುವಂಥದ್ದಲ್ಲ ಎಂದುಕೊಂಡಿದ್ದೆ.

ಚಿಗವ್ವ ನಗಲಿಲ್ಲ. ಹಿತ್ತಲಲ್ಲಿ ಶೌಚಾಲಯವಿತ್ತು, ಆದರೆ ಅದಕ್ಕೆ ದಾರಿ ಅಡುಗೆಮನೆಯೊಳಗಿಂದ, ಒಲೆಯ ಪಕ್ಕದಲ್ಲೇ. ಹೊರಗೆ ತಿರುಗಾಡಿದ ಕಾಲಲ್ಲಿ ಬಂದವರನ್ನು, ನನ್ನನ್ನೂ ಸೇರಿಸಿ, ಆಕೆ ಒಲೆಯ ಹತ್ತಿರ ಬಿಡುತ್ತಿರಲಿಲ್ಲ.

"ಮನಿ ಮಗ್ಗಲದ ಸಂದಿ ಕಡೆ ಹಿತ್ತಲ ಬಾಗಿಲಾ ಐತಲ್ಲ, ಚಿಗವ್ವ," ಎಂದೆ. ಅಷ್ಟು ಜನರ ನಡುವೆ ನನ್ನ ದನಿ ನನಗೇ ದೊಡ್ಡದಾಗಿ ಕೇಳಿತು.

"ಅದನ್ನ ತಗದು ಯಾವ ಕಾಲಾತು! ಸೆಗಣಿ ಕುಳ್ಳಿನ ಚೀಲಾ ಒಟ್ಟೇನಿ ಅಲ್ಲೆ."

"ನಾ ಸರಸ್ತೀನಿ."

ಆಕೆ ನನ್ನನ್ನು ನೋಡಿದಳು. ಆಮೇಲೆ ಹಿರಿಯಳನ್ನು ನೋಡಿದಳು. ಕೈ ಒರೆಸಿಕೊಂಡು ಹೋಗಿ ಆಕೆಯ ರಟ್ಟೆ ಹಿಡಿದಳು. "ಏಳ್ರಿ ಯವ್ವಾ, ಬರ್ರಿ."

ಅಡುಗೆಮನೆಯ ಹೊಸ್ತಿಲಲ್ಲಿ ಮುದುಕಿ ನಿಂತುಬಿಟ್ಟಳು. "ಒಲಿ ಐತಿ, ತಂಗಿ."

"ಇರ್ಲಿ. ಇವತ್ತೊಂದಿನ ಅದೂ ನೋಡ್ಲಿ ನಿಮ್ಮನ್ನ."

ಒಬ್ಬೊಬ್ಬರಾಗಿ ಎಲ್ಲರೂ ಹೋಗಿ ಬಂದರು. ಬಂದು ಕೂತವರು ಲೋಟ ಎತ್ತಿ ಕುಡಿದರು. ಯಾರೋ ಚಹಾ ಕೇಳಿದರು. ಇನ್ನೊಬ್ಬಳು, ಬುತ್ತಿಯ ರೊಟ್ಟಿಗೆ ಬಿಸಿ ಪಲ್ಯ ಇದ್ದರೆ ಹಾಕಿರಿ ಎಂದಳು. ಹೋಗಬೇಕಿದ್ದ ಬಸ್ಸು ಹೋಯಿತು, ಯಾರೂ ಏಳಲಿಲ್ಲ. ಮೊಣಕಾಲು ನೋವಿದ್ದವರು ಖಾನಾವಳಿಯಲ್ಲೇ ಉಳಿದು ಚಿಗವ್ವನೊಂದಿಗೆ ಬೆಳ್ಳುಳ್ಳಿ ಸುಲಿದರು. ಮಿಕ್ಕವರು ನಗುತ್ತ ಕೋಟೆ ಹತ್ತಲು ಹೊರಟರು.

ಸಂಜೆ ಕಸ ಗುಡಿಸುತ್ತ ಚಿಗವ್ವ ನನ್ನ ಕಡೆ ತಿರುಗದೆಯೇ ಹೇಳಿದಳು: "ಮೊಬೈಲ್ ಅಂಗಡ್ಯಾವ ಬಂದ್ರ, ಬ್ಯಾರೆ ಜಾಗಾ ನೋಡ್ಕೊ ಅನ್ನು. ಒಲಿ ಮುಂದ ಮಾತ್ರ ದಿನಾ ಮೆರವಣಿಗಿ ಆಗೂದಿಲ್ಲ ಮತ್ತ."

ಮರುದಿನ ಬೆಳಿಗ್ಗೆ ಕುಳ್ಳಿನ ಚೀಲಗಳನ್ನು ಎಳೆದು ಗೋಡೆಯ ಬದಿಗೆ ಒಟ್ಟಿದೆ. ಜಂಗು ಹಿಡಿದ ಹಿತ್ತಲ ಬಾಗಿಲಿಗೆ ಎಣ್ಣೆ ಬಿಟ್ಟು ತೆಗೆದೆ, ಸಂದಿಯನ್ನು ತೊಳೆದೆ. ಹಾರ್ಡ್‌ವೇರ್ ಅಂಗಡಿ ತೆರೆಯುವುದನ್ನೇ ಕಾದು ಹೊಸ ಚಿಲಕ ತಂದು, ಶೌಚಾಲಯದ ಬಾಗಿಲಿಗೆ ಒಳಗಡೆ, ಮುದುಕಿಯರ ಕೈಗೆ ಎಟುಕುವಷ್ಟು ಕೆಳಗೆ ಹೊಡೆದೆ. ಬಕೆಟ್ಟು ತುಂಬಿಟ್ಟೆ. ಒಳಗೆ ನಿಂತು ಚಿಲಕ ಹಾಕಿ ನೋಡಿದೆ, ತೆಗೆದು ನೋಡಿದೆ, ಮತ್ತೆ ಹಾಕಿದೆ.

"ಹೊರಗ ಬಾರವ್ವಾ," ಎಂದು ಚಿಗವ್ವ ಕೂಗಿದಳು. "ಕುಷ್ಟಗಿ ಬಸ್ ಬಂತು."