ಬೇನೆಯನ್ನು ರಜೆಗೆ ಕೂಡಿಡಬೇಡಿ ಎಂದ ಜಯಕ್ಕ

ಥಾಣೆಯಿಂದ ನವಿ ಮುಂಬಯಿವರೆಗಿನ ಕನ್ನಡಿಗರಲ್ಲಿ ಆರೋಗ್ಯಸೇವೆಯ ಮಾತು ಬಂದಾಗ ದೊಡ್ಡ ವೈದ್ಯರ ಹೆಸರು ಹೇಳುವವರು ಹೇಳಲಿ. ಘಣಸೋಲಿ, ರಬಾಳೆಯ ಹೋಟೆಲುಗಳ ಅಡುಗೆಮನೆಯಲ್ಲಿ ಮಾತ್ರ ಮೊದಲು ಕೇಳಿಬರುವುದು ಶ್ರೀಮತಿ ಜಯಶೀಲ ಕೋಟ್ಯಾನ್ ಅವರ ಹೆಸರು. ಇಲ್ಲಿಯ ಹೋಟೆಲಿನವರ ನಮ್ಮ ಸಂಘದ ಪುಟ್ಟ ದವಾಖಾನೆಯಲ್ಲಿ ಮೂರು ದಶಕ ದಾದಿಯಾಗಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ಅವರು ಜಯಕ್ಕ ಎಂದರೇ ಎಲ್ಲರಿಗೂ ಗುರುತು.

ರೋಗಿ ಬರಲೆಂದು ಕಾದು ಕೂರುವ ಜಾಯಮಾನ ಅವರದಲ್ಲ. ಮಧ್ಯಾಹ್ನದ ಊಟದ ಗಲಾಟೆ ಮುಗಿದು ಸಂಜೆಯ ಚಹಾ ಶುರುವಾಗುವ ನಡುವಿನ ಹೊತ್ತಿಗೆ ಹಿಂಬಾಗಿಲಿಂದ ಒಳಬಂದು, ಈರುಳ್ಳಿ ಮೂಟೆಯ ಮೇಲೆ ಕುಳಿತು, ಒಬ್ಬೊಬ್ಬರನ್ನೇ ಕರೆದು ರಕ್ತದೊತ್ತಡ ನೋಡುತ್ತಿದ್ದರು. "ಬಂದ್ರು ಪೊಲೀಸ್ ಅಕ್ಕ, ಕೈಗೆ ಬೇಡಿ ಹಾಕ್ಲಿಕ್ಕೆ" ಎಂದು ನಕ್ಕವರೇ ತೋಳು ಚಾಚುತ್ತಿದ್ದರು.

ನಮ್ಮ ಹೋಟೆಲಿನವರಿಗೊಂದು ಕೆಟ್ಟ ಅಭ್ಯಾಸ. ಮೊನ್ನೆಮೊನ್ನೆಯವರೆಗೆ ಆರೋಗ್ಯವಿಮೆ ಇರಲಿಲ್ಲ, ಹೆಚ್ಚಿನವರ ರೇಷನ್ ಕಾರ್ಡು ಊರಿನದು, ಹಾಗಾಗಿ ಇಲ್ಲಿಯ ಸರಕಾರದ ಯೋಜನೆಗೂ ಹೊರಗು. ಹಲ್ಲುನೋವಿರಲಿ, ಹರ್ನಿಯಾ ಇರಲಿ, ವರ್ಷದ ರಜೆಯವರೆಗೆ ಕೂಡಿಟ್ಟು ಊರಿಗೆ ಹೋದಾಗ ಒಟ್ಟಿಗೇ ತೋರಿಸುವುದು! ಬೇನೆ ಏನು ನಮ್ಮ ನೆಂಟನೇ, ರಜೆ ಕೇಳಿಕೊಂಡು ಬರಲಿಕ್ಕೆ? ಜಯಕ್ಕನವರ ಸೇವಾವಧಿಯೆಲ್ಲ ಈ ಹಟದೊಡನೆ ಗುದ್ದಾಡುವುದರಲ್ಲೇ ಕಳೆಯಿತು.

ಎರಡು ವರ್ಷದ ಹಿಂದೆ, ರಬಾಳೆಯಲ್ಲಿ ಶೈಲೇಶರ ಹೋಟೆಲಿನ ದೋಸೆ ಭಟ್ಟ ಪೂವಪ್ಪ ಬೆವರಿನಲ್ಲಿ ತೊಯ್ದು ಗೋಡೆಗೊರಗಿ ಕುಳಿತಿದ್ದುದು ಜಯಕ್ಕನ ಕಣ್ಣಿಗೆ ಬಿತ್ತು.

"ಗ್ಯಾಸ್ ಅಕ್ಕ. ಶುಕ್ರವಾರ ಗಾಡಿ ಉಂಟು, ಊರಲ್ಲಿ ತೋರಿಸ್ತೇನೆ."

"ಎಂತದ್ದು ಶುಕ್ರವಾರ ಮಾರಾಯ? ನಿನ್ನ ಹಾರ್ಟ್ ಅಲ್ಲಿವರೆಗೆ ಕಾಯ್ತದಾ?"

"ಇಲ್ಲಿ ಆಸ್ಪತ್ರೆಗೆ ಹಾಕಿದ್ರೆ ಇರುವ ಒಂದು ಖೋಲಿ ಮನೆಯೂ ಮಾರಬೇಕಾಗ್ತದೆ. ನನ್ನನ್ನು ಬಿಡಿ ಅಕ್ಕ" ಎಂದು ಆತ ಅತ್ತೇಬಿಟ್ಟ.

ಬಿಡುವವರೇ ಅವರು? ಶೈಲೇಶರ ಕಾರಿನಲ್ಲಿ ಆತನನ್ನೂ ಹೆಂಡತಿ ಬಾಗಿಯನ್ನೂ ಹತ್ತಿಸಿಕೊಂಡು ಥಾಣೆಯ ಒಂದು ಧರ್ಮಾರ್ಥ ಆಸ್ಪತ್ರೆಗೆ ಧಾವಿಸಿದರು. ಬಡವರಿಗೆ ಮೀಸಲಾದ ಉಚಿತ ಹಾಸಿಗೆ ಖಾಲಿಯಿಲ್ಲ, ಡಿಪಾಸಿಟ್ ಕಟ್ಟಿ ಎಂದರು ಕೌಂಟರಿನವರು. "ಆಧೀ ಮಾಣೂಸ್ ಬಘಾ, ಬಾಯಿ" ಎಂದು ಮರಾಠಿಯಲ್ಲೇ ಗದರಿದ ಜಯಕ್ಕ, ಮೊದಲು ಮನುಷ್ಯನನ್ನು ನೋಡದೆ ಕದಲುವುದಿಲ್ಲವೆಂದು ಬಾಗಿಯೊಡನೆ ಬಾಗಿಲಲ್ಲೇ ಕುಳಿತರು. ಗದ್ದಲಕ್ಕೆ ಹೊರಬಂದ ವೈದ್ಯರು ಪೂವಪ್ಪನ ಮುಖ ನೋಡಿದ್ದೇ ಒಳಗೊಯ್ದರು. ಹಾಸಿಗೆಯೂ ಸಿಕ್ಕಿತು, ಜೀವವೂ ಉಳಿಯಿತು.

ಅಲ್ಲಿಗೆ ಕೈತೊಳೆದುಕೊಂಡಿದ್ದರೆ ಅವರು ಜಯಕ್ಕನೇ ಅಲ್ಲ. "ಇವನನ್ನು ದೇವರು ಉಳಿಸಿದ. ಮುಂದಿನವನಿಗೂ ದೇವರೇ ಓಡಿ ಬರಬೇಕಾ?" ಎಂದು ಮಾಲಕರ ಬೆನ್ನು ಹತ್ತಿ, ಬೈದು, ಕಾಡಿ, ಕಡೆಗೂ ಸಂಘದಿಂದ ಕೆಲಸಗಾರರಿಗೆಲ್ಲ ಸಮೂಹ ವಿಮೆ ಮಾಡಿಸಿದರು.

ಸನ್ಮಾನದ ಸಿದ್ಧತೆಯ ಸಭೆಯಲ್ಲಿ ಬಾಗಿ ಎದ್ದುನಿಂತಳು. "ಅಲ್ಲ ಅಕ್ಕ, ನಿಮ್ಮ ವಿಮೆ ಎಲ್ಲುಂಟು?"

ಗೌರವಧನದ ಮೇಲೆ ಬದುಕಿದ ದಾದಿಗೆ ವಿಮೆಯಿಲ್ಲವೆಂಬುದು ನಮಗಾರಿಗೂ ಹೊಳೆದಿರಲಿಲ್ಲ.

"ನನಗೆಂತ ಧಾಡಿ? ಗುಂಡುಕಲ್ಲಿನ ಹಾಗಿದ್ದೇನೆ" ಎಂದು ನಕ್ಕರು ಜಯಕ್ಕ.

"ಇವರೂ ಹಾಗೇ ಹೇಳ್ತಿದ್ರು" ಎಂದಳು ಬಾಗಿ, ಗಂಡನ ಭುಜ ಹಿಡಿದು.



ದೀರ್ಘಾಯುಷ್ಯ ಹಾರೈಸುವುದಕ್ಕೆ ಬಾಯಿಗೇನು ಖರ್ಚು? ಸನ್ಮಾನಕ್ಕೆಂದು ಯೋಚಿಸಿದ್ದ ಬೆಳ್ಳಿತಟ್ಟೆ ಬಿಟ್ಟು, ಜಯಕ್ಕನ ವಿಮೆಯ ಕಂತನ್ನು ವರ್ಷವರ್ಷವೂ ಸಂಘವೇ ಕಟ್ಟುವುದೆಂದು ತೀರ್ಮಾನವಾಗಿದೆ. ಬೇಡವೆಂದು ಅವರು ಜಗಳವಾಡಿದ್ದಾರೆ, ಸೋತಿದ್ದಾರೆ. ನಿವೃತ್ತಿಯ ನಂತರವೂ ಅಡುಗೆಮನೆಗಳ ಸುತ್ತಾಟ ಬಿಡುವುದಿಲ್ಲ ಎಂದಿದ್ದಾರೆ. ಬಿಡದಿರಲಿ, ನೂರ್ಕಾಲ ಬಾಳಿ ನಮ್ಮನ್ನು ಬೈಯುತ್ತಲೇ ಇರಲಿ. ಸನ್ಮಾನದ ಮರುದಿನವೇ ಅವರ ಮೊದಲ ಪೂರ್ಣ ತಪಾಸಣೆ. ತಪ್ಪಿಸಿಕೊಳ್ಳದಂತೆ ಕೈಹಿಡಿದು ಕರೆದೊಯ್ಯುವವಳು ಬಾಗಿ.